ಕಸದಿಂದ ರಸ ತೆಗೆದ ಹಾವರ್ಡ್ ಮಹಾಶಯರು

ಪೇಟೆಯಿಂದ ದಿನವೂ ಕಾಯಿಪಲ್ಲೆ ತರುವ ಪಟ್ಟಣಿಗರು, ಅದರ ಸಂಗಡ ತೋಟದ ಮಣ್ಣಿನ ಸಾರವೂ ತಮ್ಮ ಮನೆಗೆ ಬರುತ್ತಿರುವುದೆಂದು ಎಣಿಸುವುದು ವಿರಳ. ಬಂದ ಸಾರವನ್ನು ಮರಳಿ ಭೂಮಿಗೆ ಸಲ್ಲಿಸದವನು ಭೂಮಾತೆಗೆ ಸಾಲಗಾರನೇ ಸರಿ. ಈ ಋಣವನ್ನು ತೀರಿಸುವ ಮಾರ್ಗವನ್ನು ಶಾಸ್ತ್ರೀಯವಾಗಿ ತೋರಿಸಿದವರಲ್ಲಿ ಸರ್ ಆಲ್ಬರ್ಟ್ ಹಾವರ್ಡರು ಅಗ್ರಗಣ್ಯರು.

ಇವರು 1873ರಲ್ಲಿ ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಒಕ್ಕಲುತನದ ಮನೆಯಲ್ಲಿ ಜನಿಸಿದರು. ಕೇಂಬ್ರಿಡ್ಜಿನಲ್ಲಿ ವ್ಯಾಸಂಗ ಮಾಡಿ, ವೆಸ್ಟ್ ಇಂಡೀಸಿನಲ್ಲಿ ಸಸ್ಯರೋಗಗಳನ್ನು ಪರಿಶೀಲಿಸಿ, 1905ರಲ್ಲಿ ಈಗಿನ ಬಿಹಾರದ ಪೂಸಾ ಕೃಷಿ ಸಂಶೋಧನಾಲಯಕ್ಕೆ ಬಂದರು. ಪತ್ನಿ ಗೇಬ್ರಿಯಲ್ ಅವರೂ ಸಸ್ಯಶಾಸ್ತ್ರಜ್ಞೆ. ದಂಪತಿಗಳು ಕೂಡಿ ಉತ್ತಮ ಗೋಧಿಯ ತಳಿಗಳನ್ನು ಸಿದ್ಧಪಡಿಸಿದರು. ಆಳುವ ಜನಾಂಗದ ಅಧಿಕಾರಿಯಾಗಿ ಬಂದವರು, ನಮ್ಮ ರೈತರಿಗೆ ಪಾಠ ಹೇಳುವ ಮೊದಲು ಅವರಿಂದಲೇ ಪಾಠ ಕಲಿತರು. ಊರಿಗೆ ಹತ್ತಿರವಾದ, ಸಗಣಿ ಬೂದಿಗಳನ್ನುಂಡ ಹೊಲಗಳು ದೂರದ ಹೊಲಗಳಿಗಿಂತ ಹೆಚ್ಚು ಫಲ ಕೊಡುವುದನ್ನು ಅವರು ಕಣ್ಣಾರೆ ಕಂಡಿದ್ದರು.

1924ರಲ್ಲಿ ಇಂದೂರಿನಲ್ಲಿ ಸಸ್ಯೋತ್ಪನ್ನ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿ, ಅಲ್ಲಿ ಯಶವಂತ ವಾಡರ ಸಹಾಯದಿಂದ ತಮ್ಮ ಕ್ರಮವನ್ನು ರೂಪಿಸಿದರು. ಕೊಳೆಯದ ಹುಲ್ಲುಕಡ್ಡಿಯನ್ನು ಹೊಲದಲ್ಲಿ ಹೂಳಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಪೈರಿಗೆ ಸಲ್ಲಬೇಕಾದ ಸಾರಜನಕವನ್ನು ತಾವೇ ಕಬಳಿಸುವವು. ಆದುದರಿಂದ ಹತ್ತಿಕಟ್ಟಿಗೆ, ಕಳೆ, ಸೊಪ್ಪುಸದೆಗಳನ್ನು ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು ಮತ್ತು ಬೂದಿಯೊಡನೆ ಪದರಪದರವಾಗಿ ಒಟ್ಟಿ, ನೀರು ಚಿಮುಕಿಸಿ, ಗಾಳಿಯಾಡುವಂತೆ ಆಗಾಗ ತಿರುವಿಹಾಕುವುದು ಅವರ ಪದ್ಧತಿ. ಗಟ್ಟಿಯಾದ ಹತ್ತಿಕಟ್ಟಿಗೆಯನ್ನು ದಾರಿಯಲ್ಲಿ ಹಾಸಿ ಬಂಡಿಯ ಗಾಲಿಗಳಿಂದಲೇ ಪುಡಿಮಾಡಿಸುತ್ತಿದ್ದರು. ಸುಮಾರು ಮೂರು ತಿಂಗಳಲ್ಲಿ ಕಪ್ಪನೆಯ, ಹುಡಿಯಾದ ಗೊಬ್ಬರ ಸಿದ್ಧವಾಗುವುದು. ಕಾಯಿಪಲ್ಲೆಯ ಮಡಿಗಳಿಗೆ ಇದು ಅತ್ಯಂತ ಹಿತಕರ. ಮಣ್ಣು ಸಡಿಲವಾಗಿ ನೀರನ್ನು ಹಿಡಿಯುವುದು, ಎಳೆಯ ಬೇರುಗಳಿಗೆ ಆಹಾರ ಮೆಲ್ಲಮೆಲ್ಲನೆ ದೊರೆಯುವುದು.

1930ರಲ್ಲಿ ಪತ್ನೀವಿಯೋಗವಾಯಿತು. 1931ರಲ್ಲಿ ಈ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿ ಅವರು ಸ್ವದೇಶಕ್ಕೆ ಮರಳಿದರು. 1934ರಲ್ಲಿ ಸರ್ ಪದವಿ ಬಂದಿತು. ರಾಸಾಯನಿಕ ಗೊಬ್ಬರವನ್ನೇ ನಂಬಿದ ವಿದ್ವಾಂಸರ ವಿರೋಧವನ್ನು ಲಕ್ಷಿಸದೆ, 1940ರಲ್ಲಿ ತಮ್ಮ ಮತವನ್ನು ಇನ್ನೊಂದು ಗ್ರಂಥದಲ್ಲಿ ಸಮರ್ಥಿಸಿದರು. ಭಾರತವು ಸ್ವತಂತ್ರವಾದ ಎರಡು ತಿಂಗಳ ತರುವಾಯ, 1947ರ ಅಕ್ಟೋಬರಿನಲ್ಲಿ ಕಾಲವಶರಾದರು.

ಕನ್ನಡ ನಾಡಿಗೂ ಈ ವಿದ್ಯೆಯಲ್ಲಿ ಪಾಲುಂಟು. 1939ರಲ್ಲಿ ಬೆಂಗಳೂರಿನಲ್ಲಿ ಆಚಾರ್ಯರೆಂಬ ವಿಜ್ಞಾನಿಗಳು ಊರ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರವಾಗಿ ತುಂಬಿ, ಮಣ್ಣಿನಿಂದ ಮುಚ್ಚಿ, ತಿರುವಿಹಾಕದೆಯೇ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದು ಇಂದಿಗೂ ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧ.

ಆದರೆ ಹಾವರ್ಡರ ಕಾಲದ ಕಸದಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಬ್ಯಾಟರಿಯ ವಿಷವಿರಲಿಲ್ಲ. ಇಂದಿನ ಬೆರಕೆ ಕಸವನ್ನು ಹಾಗೆಯೇ ತೋಟಕ್ಕೆ ಸುರಿದರೆ ಅದು ಋಣ ತೀರಿಸಿದಂತಲ್ಲ, ವಿಷವಿಕ್ಕಿದಂತೆ. ಚೆನ್ನಾಗಿ ಕಳಿಯದ ಹಸಿ ಗೊಬ್ಬರವು ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೆ ರೋಗಾಣುಗಳನ್ನು ಅಂಟಿಸುವುದು. ಹಸಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಗೃಹಸ್ಥರು ಬೇರ್ಪಡಿಸಿ ಕೊಟ್ಟುದನ್ನು ಗಾಡಿಯಲ್ಲಿ ಮರಳಿ ಬೆರೆಸದಂತೆ ನೋಡಿಕೊಳ್ಳುವುದು ಪುರಸಭೆಯ ಅಧಿಕಾರಿಗಳ ಹೊಣೆ. ಈ ಎರಡು ಕೈಗಳು ಕೂಡಿದಲ್ಲಿ ಮಾತ್ರ ಪಟ್ಟಣದ ಎಂಜಲು ತೋಟದ ಹಸುರಾದೀತು. ಹಾವರ್ಡರ ಸ್ಮರಣೆಯೂ ಸಾರ್ಥಕವಾದೀತು.