ಸೋಲುಂಡ ನಗರದಲ್ಲೇ ಗುಮ್ಮಟ ಎತ್ತಿದ ಬ್ರುನೆಲೆಸ್ಕಿ

ಇಟಲಿಯ ಪುರಾತನ ನಗರ ಫ್ಲಾರೆನ್ಸ್‌ನ ಚರ್ಚುಗಳನ್ನು ನೋಡಲು ಹೊರಟವರಿಗೆ ಫಿಲಿಪ್ಪೊ ಬ್ರುನೆಲೆಸ್ಕಿಯ ಹೆಸರು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಪ್ರಧಾನ ಚರ್ಚಿನ ಕೆಂಪು ಗುಮ್ಮಟ, ಮೆದಿಚಿ ಮನೆತನದ ಸ್ಯಾನ್ ಲೊರೆಂಜೊ, ಆರ್ನೊ ನದಿಯಾಚೆಯ ಸ್ಯಾಂತೊ ಸ್ಪಿರಿತೊ ಮೂರೂ ಆತನ ಪ್ರತಿಭೆಗೆ ಸಾಕ್ಷಿ. ಆತನನ್ನು ವಾಸ್ತುಶಿಲ್ಪದತ್ತ ತಿರುಗಿಸಿದ್ದು ಮಾತ್ರ ಇದೇ ನಗರದಲ್ಲಿ ಎದುರಾದ ಒಂದು ಸೋಲು.

1377ರಲ್ಲಿ ಫ್ಲಾರೆನ್ಸ್‌ನ ನೋಟರಿಯೊಬ್ಬನ ಮಗನಾಗಿ ಜನಿಸಿದ ಬ್ರುನೆಲೆಸ್ಕಿ ಕಲಿತದ್ದು ಅಕ್ಕಸಾಲಿಗನ ವೃತ್ತಿ. ಪ್ರಧಾನ ಚರ್ಚಿನ ಎದುರಿಗಿರುವ ದೀಕ್ಷಾಸ್ನಾನ ಮಂದಿರಕ್ಕೆ ಕಂಚಿನ ಬಾಗಿಲು ಮಾಡಿಸಲು 1401ರಲ್ಲಿ ಸ್ಪರ್ಧೆ ಏರ್ಪಟ್ಟಿತು. ಇಪ್ಪತ್ತರ ಹರೆಯದ ಬ್ರುನೆಲೆಸ್ಕಿ ಮತ್ತು ಲೊರೆಂಜೊ ಗಿಬರ್ತಿ ಪರಸ್ಪರ ಪೈಪೋಟಿಗಿಳಿದರು. ಬಾಗಿಲಿನ ಕೆಲಸ ಗಿಬರ್ತಿಯ ಪಾಲಾಯಿತು. ಇಬ್ಬರೂ ಅಂದು ಸಲ್ಲಿಸಿದ ಕಂಚಿನ ಫಲಕಗಳು ಇಂದಿಗೂ ನಗರದ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ.

ಮನನೊಂದ ಬ್ರುನೆಲೆಸ್ಕಿ ಗೆಳೆಯ ದೊನತೆಲ್ಲೊ ಜತೆ ರೋಮ್‌ಗೆ ತೆರಳಿ, ಪ್ರಾಚೀನ ಕಟ್ಟಡಗಳ ಅವಶೇಷಗಳನ್ನು ಅಳೆದು ಅಭ್ಯಾಸ ಮಾಡಿದನೆಂದು ಆತನ ಜೀವನಚರಿತ್ರೆಕಾರರು ಬರೆದಿದ್ದಾರೆ.

ಅತ್ತ 1296ರಲ್ಲಿ ಆರಂಭವಾಗಿದ್ದ ಪ್ರಧಾನ ಚರ್ಚು ಒಂದು ಶತಮಾನ ಕಳೆದರೂ ಪೂರ್ಣಗೊಂಡಿರಲಿಲ್ಲ. ನೆಲದಿಂದ 50 ಮೀಟರ್‌ಗೂ ಎತ್ತರದಲ್ಲಿ, 40 ಮೀಟರ್‌ಗೂ ಅಗಲವಾದ ಎಂಟು ಮೂಲೆಯ ತೆರವು ಬಾಯ್ದೆರೆದು ನಿಂತಿತ್ತು. ಅಷ್ಟು ಎತ್ತರಕ್ಕೆ ಮರದ ಸೆಂಟ್ರಿಂಗ್ ನಿಲ್ಲಿಸುವುದು ಅಸಾಧ್ಯವೆನಿಸಿತ್ತು. 1418ರಲ್ಲಿ ಮತ್ತೊಂದು ಸ್ಪರ್ಧೆ ನಡೆಯಿತು. ಅಂಥ ಆಸರೆಯಿಲ್ಲದೆಯೇ ಗುಮ್ಮಟ ಕಟ್ಟಬಲ್ಲೆನೆಂದು ಬ್ರುನೆಲೆಸ್ಕಿ ಮುಂದೆ ಬಂದ. ಆದರೆ ಉಪಾಯ ಬಿಟ್ಟುಕೊಡಲಿಲ್ಲ. ಆಗ ಆತ ಮೊಟ್ಟೆಯ ತುದಿಯನ್ನು ತುಸು ಜಜ್ಜಿ ಅಮೃತಶಿಲೆಯ ಮೇಲೆ ನಿಲ್ಲಿಸಿ ಎದುರಾಳಿಗಳ ಬಾಯಿ ಮುಚ್ಚಿಸಿದನೆಂಬ ಸ್ವಾರಸ್ಯಕರ ಕಥೆಯನ್ನು ವಸಾರಿ ದಾಖಲಿಸಿದ್ದಾನೆ.

1420ರಲ್ಲಿ ಕೆಲಸ ಆರಂಭವಾಯಿತು. ಆದರೆ ಮೇಲ್ವಿಚಾರಣೆಯಲ್ಲಿ ಸಮಪಾಲು ಪಡೆದವನು ಅದೇ ಗಿಬರ್ತಿ! ಕಾಲಕ್ರಮೇಣ ಹೊಣೆಯೆಲ್ಲ ಬ್ರುನೆಲೆಸ್ಕಿಯ ಕೈಗೇ ಬಂತು. ಒಂದರೊಳಗೊಂದು ಎರಡು ಪದರಗಳಾಗಿ ಗುಮ್ಮಟ ಮೇಲೇರಿತು. ಹಸಿಗಾರೆ ಗಟ್ಟಿಯಾಗುವ ಮುನ್ನ ಇಟ್ಟಿಗೆ ಜಾರದಂತೆ ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಅವುಗಳನ್ನು ಜೋಡಿಸಲಾಯಿತು. ಸರಂಜಾಮು ಮೇಲೆತ್ತಲು, ಎತ್ತುಗಳು ತಿರುಗಿಸುವ ಯಂತ್ರವನ್ನು ಆತನೇ ರೂಪಿಸಿದ.

ಸಂಕಷ್ಟಗಳೂ ಬೆನ್ನು ಬಿಡಲಿಲ್ಲ. ಅಮೃತಶಿಲೆ ಸಾಗಿಸಲು ಆತ ವಿನ್ಯಾಸಗೊಳಿಸಿ, 1421ರಲ್ಲಿ ವಿಶೇಷ ಹಕ್ಕನ್ನೂ ಪಡೆದಿದ್ದ ನೌಕೆ ಸರಕಿನೊಂದಿಗೆ ಮುಳುಗಿತು. ವೃತ್ತಿಸಂಘಕ್ಕೆ ಶುಲ್ಕ ಕಟ್ಟಲಿಲ್ಲವೆಂದು 1434ರಲ್ಲಿ ಆತನನ್ನು ಸೆರೆಮನೆಗೂ ತಳ್ಳಲಾಯಿತು. ಪ್ರಧಾನ ಚರ್ಚಿನ ಆಡಳಿತ ಮಧ್ಯೆ ಪ್ರವೇಶಿಸಿ ಬಿಡಿಸಿತು.

1436ರ ಮಾರ್ಚ್ 25ರಂದು ಪೋಪ್ ನಾಲ್ಕನೇ ಯುಜೀನ್ ಚರ್ಚನ್ನು ಪ್ರತಿಷ್ಠಾಪಿಸಿದರು. ಅದೇ ವರ್ಷ ಗುಮ್ಮಟ ಪೂರ್ಣಗೊಂಡಿತು. ಅದಕ್ಕೆ ಬಳಕೆಯಾದ ಇಟ್ಟಿಗೆಗಳು 40 ಲಕ್ಷಕ್ಕೂ ಹೆಚ್ಚೆಂಬುದು ಅಂದಾಜು.

ಗುಮ್ಮಟದಲ್ಲಿ ಸಾಹಸ ಮೆರೆದ ಬ್ರುನೆಲೆಸ್ಕಿ ಸ್ಯಾನ್ ಲೊರೆಂಜೊದಲ್ಲಿ ಸಂಯಮ ತೋರಿದ. ಬಿಳಿ ಗೋಡೆ, ಬೂದುಬಣ್ಣದ ಕಲ್ಲಿನ ಕಂಬ, ಲೆಕ್ಕಾಚಾರದ ಕಮಾನು ಇಷ್ಟರಿಂದಲೇ ಅಲ್ಲಿ ಪ್ರಶಾಂತ ವಾತಾವರಣ ಮೂಡಿದೆ. ಸ್ಯಾಂತೊ ಸ್ಪಿರಿತೊವನ್ನು ಪೂರ್ಣಗೊಂಡ ರೂಪದಲ್ಲಿ ಕಾಣುವ ಭಾಗ್ಯ ಆತನಿಗಿರಲಿಲ್ಲ. ಹೊರಗೂ ಉಬ್ಬಿ ಕಾಣಬೇಕಿದ್ದ ಅದರ ಅರ್ಧವೃತ್ತದ ಗೂಡುಗಳನ್ನು ನಂತರದವರು ನೇರಗೋಡೆಯಿಂದ ಮರೆಮಾಡಿದರು.

1446ರ ಏಪ್ರಿಲ್ 15ರಂದು ಬ್ರುನೆಲೆಸ್ಕಿ ನಿಧನನಾದ. ಗುಮ್ಮಟದ ಶಿಖರಭಾಗದ ಕೆಲಸ ಆಗಷ್ಟೇ ಆರಂಭವಾಗಿತ್ತು. ಆತನ ಸಮಾಧಿ ಎಲ್ಲಿದೆ ಎಂಬುದೇ ಶತಮಾನಗಳ ಕಾಲ ಮರೆತುಹೋಗಿತ್ತು. 1972ರ ಉತ್ಖನನದಲ್ಲಿ ಅದು ಪ್ರಧಾನ ಚರ್ಚಿನ ನೆಲದಡಿ ಪತ್ತೆಯಾಯಿತು. ಗುಮ್ಮಟದ ರಚನಾರಹಸ್ಯವನ್ನು ಪೂರ್ತಿ ವಿವರಿಸುವ ಯಾವುದೇ ನಕ್ಷೆಯನ್ನು ಆತ ಬಿಟ್ಟುಹೋಗಿಲ್ಲ. ಎರಡು ಪದರಗಳ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ 463 ಮೆಟ್ಟಿಲೇರುವ ಪ್ರವಾಸಿಗರಿಗೆ ಆ ಇಟ್ಟಿಗೆಗಳೇ ಆತನ ಕೈಬರಹ.