ಹೊಳಪು ಕೊಟ್ಟು ಹೋದ ಫಾಂಗ್

ಅನಿಮೇಷನ್ ಸ್ಟುಡಿಯೊಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಹೆಸರು ಫಾಂಗ್. ಹೈದರಾಬಾದಿನ ನಮ್ಮ ಲೈಟಿಂಗ್ ವಿಭಾಗದಲ್ಲೂ ಅಷ್ಟೇ. ಮಾಯಾ ಸಾಫ್ಟ್‌ವೇರ್‌ನಲ್ಲಿ ವಸ್ತುವಿನ ಮೇಲ್ಮೈ ಹೇಗಿರಬೇಕೆಂದು ಆರಿಸುವ ಪಟ್ಟಿ ತೆರೆದರೆ ಲ್ಯಾಂಬರ್ಟ್, ಬ್ಲಿನ್, ಫಾಂಗ್ ಎಂಬ ಹೆಸರುಗಳು ಸಾಲಾಗಿ ಕಾಣುತ್ತವೆ. ಹೊಸದಾಗಿ ಸೇರಿದ ಹುಡುಗರು ಫಾಂಗ್ ಅಂದರೆ ಯಾವುದೋ ತಾಂತ್ರಿಕ ಪದ ಅಂದುಕೊಳ್ಳುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಆ ಕೆಲಸ ಮಾಡಿದಾಗ ಅವರು ಇನ್ನೂ ವಿದ್ಯಾರ್ಥಿ, ಮೂವತ್ತೊಂದು ತುಂಬಿರಲಿಲ್ಲ. ಮೂವತ್ತಮೂರು ತುಂಬುವ ಮೊದಲೇ ತೀರಿಕೊಂಡರು.

ಪೂರ್ಣ ಹೆಸರು ಬುಯ್ ತುವಾಂಗ್ ಫಾಂಗ್. ಹುಟ್ಟಿದ್ದು 1942ರಲ್ಲಿ, ವಿಯೆಟ್ನಾಂನ ಹನೋಯ್ ನಗರದಲ್ಲಿ. ದೇಶ ಆಗ ಫ್ರೆಂಚರ ವಸಾಹತು. 1954ರಲ್ಲಿ ವಿಯೆಟ್ನಾಂ ಉತ್ತರ, ದಕ್ಷಿಣವೆಂದು ಎರಡಾಯಿತು. ಲಕ್ಷಾಂತರ ಜನರಂತೆ ಫಾಂಗ್ ಅವರ ಕುಟುಂಬವೂ ದಕ್ಷಿಣದ ಸೈಗಾನ್‌ಗೆ ಬಂತು. ಅಷ್ಟರಲ್ಲಿ ಫ್ರೆಂಚ್ ಶಾಲೆಯಲ್ಲಿ ಓದು ಶುರುವಾಗಿತ್ತು. ಸೈಗಾನ್‌ನಲ್ಲೂ ಅದೇ ಮುಂದುವರಿಯಿತು. 1964ರಲ್ಲಿ ಫ್ರಾನ್ಸ್‌ಗೆ ಹೋದರು. ಗ್ರೆನೋಬಲ್‌ನಲ್ಲಿ ವಿಜ್ಞಾನ ಪದವಿ, 1968ರಲ್ಲಿ ತುಲೂಸ್‌ನಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ, ಫ್ರೆಂಚ್ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸೇರಿ ಆಪರೇಟಿಂಗ್ ಸಿಸ್ಟಂಗಳ ಮೇಲೆ ಕೆಲಸ ಮಾಡಿದರು. ಮದುವೆಯೂ ಆಯಿತು. 1971ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ.ಗೆ ಹೊರಟರು.

ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯಲು ಆಗ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಡೇವಿಡ್ ಇವಾನ್ಸ್ ಕಟ್ಟಿದ ವಿಭಾಗ. ಐವನ್ ಸದರ್ಲೆಂಡ್ ಪಾಠ ಹೇಳುತ್ತಿದ್ದರು. ಮುಂದೆ ಪಿಕ್ಸಾರ್ ಸ್ಥಾಪಿಸಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್, ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಕಟ್ಟಿದ ಜಿಮ್ ಕ್ಲಾರ್ಕ್ ಇಬ್ಬರೂ ಅಲ್ಲಿ ವಿದ್ಯಾರ್ಥಿಗಳು. ಒಮ್ಮೆ ಸದರ್ಲೆಂಡ್ ಅವರ ಪತ್ನಿ ಮಾರ್ಷಾ ಅವರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಗೆರೆ, ಚುಕ್ಕೆ ಹಾಕಿ ವಿದ್ಯಾರ್ಥಿಗಳು ಅಳತೆಗೋಲಿನಿಂದ ಅಳೆದರು. ಸ್ಕ್ಯಾನರ್ ಇಲ್ಲದ ಕಾಲ, ಪ್ರತಿ ಬಿಂದುವನ್ನೂ ಕೈಯಿಂದಲೇ ಬರೆದುಕೊಳ್ಳಬೇಕು. ಅಳೆದವರಲ್ಲಿ ಫಾಂಗ್ ಕೂಡ ಇದ್ದರು. ಆ ಕಾರು ಗ್ರಾಫಿಕ್ಸ್ ಚರಿತ್ರೆಯಲ್ಲೇ ಹೆಸರುವಾಸಿ ಚಿತ್ರವಾಯಿತು.

ಅವರು ಬಿಡಿಸಿದ ಒಗಟು ಯಾವುದು? ಕಂಪ್ಯೂಟರಿನಲ್ಲಿ ದುಂಡನೆಯ ವಸ್ತುವೂ ಸಣ್ಣ ಸಣ್ಣ ಚಪ್ಪಟೆ ತುಂಡುಗಳ ಜೋಡಣೆಯೇ. ನೇರವಾಗಿ ಬಣ್ಣ ತುಂಬಿದರೆ ಚೆಂಡು ಚೆಂಡಿನಂತೆ ಕಾಣದೆ ಪಟ್ಟಿಪಟ್ಟಿಯಾಗಿ ಕಾಣುತ್ತದೆ. ಫಾಂಗ್‌ಗಿಂತ ಮೊದಲು ಯೂಟಾದಲ್ಲಿಯೇ ಓದಿದ ಫ್ರೆಂಚ್ ಯುವಕ ಆನ್ರಿ ಗೂರೊ 1971ರಲ್ಲಿ ಒಂದು ದಾರಿ ತೋರಿಸಿದ್ದರು. ತುಂಡಿನ ಮೂಲೆಗಳಲ್ಲಿ ಮಾತ್ರ ಬೆಳಕು ಎಷ್ಟೆಂದು ಲೆಕ್ಕ ಹಾಕಿ, ನಡುವಿನ ಜಾಗಕ್ಕೆ ಬಣ್ಣವನ್ನು ಹದವಾಗಿ ಬೆರೆಸುವುದು. ಅಂಚುಗಳು ನಯವಾದವು. ಆದರೆ ಹೊಳೆಯುವ ವಸ್ತುವಿಗೆ ಅದು ಸಾಲದು. ಹೊಳಪಿನ ಚುಕ್ಕೆ ತುಂಡಿನ ನಡುವೆ ಬಿದ್ದರೆ ಮೂಲೆಗಳಿಗೆ ಅದರ ಸುಳಿವೇ ಸಿಗದೆ, ಚುಕ್ಕೆ ಮಾಯವಾಗುತ್ತಿತ್ತು.

ಫಾಂಗ್ ಬಣ್ಣದ ಬದಲು ದಿಕ್ಕನ್ನು ಬೆರೆಸಿದರು. ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತಾ ಹೋಗಿ, ಪ್ರತಿ ಬಿಂದುವಿನಲ್ಲೂ ಬೆಳಕನ್ನು ಹೊಸದಾಗಿ ಲೆಕ್ಕ ಹಾಕುವ ಉಪಾಯ. ಜೊತೆಗೆ ಬೆಳಕನ್ನು ಮೂರು ಪಾಲು ಮಾಡಿದರು: ಸುತ್ತಲೂ ಹರಡಿರುವ ಮಂದ ಬೆಳಕು, ಒರಟು ಮೈಯಿಂದ ಎಲ್ಲ ಕಡೆಗೂ ಚದುರುವ ಬೆಳಕು, ನಯವಾದ ಮೈಯಿಂದ ಒಂದೇ ಕಡೆ ಚಿಮ್ಮುವ ಹೊಳಪು. ಹೊಳಪಿನ ಲೆಕ್ಕದಲ್ಲಿ ಒಂದೇ ಒಂದು ಸಂಖ್ಯೆ ಬದಲಿಸಿದರೆ ಸಾಕು. ಸಂಖ್ಯೆ ಚಿಕ್ಕದಾದರೆ ಹೊಳಪು ಎಣ್ಣೆ ಸವರಿದ ಮಣ್ಣಿನ ಮಡಕೆಯ ಮೇಲಿನಂತೆ ಅಗಲವಾಗಿ ಹರಡುತ್ತದೆ. ದೊಡ್ಡದಾದರೆ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಮೇಲಿನಂತೆ ಚಿಕ್ಕದಾಗಿ ಮಿಂಚುತ್ತದೆ.

ಭೌತವಿಜ್ಞಾನದ ಕಟ್ಟುನಿಟ್ಟಿನಿಂದ ನೋಡಿದರೆ ಈ ಸೂತ್ರ ನಿಖರವಲ್ಲ. ಅದು ಫಾಂಗ್ ಅವರಿಗೂ ಗೊತ್ತಿತ್ತು. ನಿಜದ ನಕಲು ಅವರಿಗೆ ಬೇಕಿರಲಿಲ್ಲ. ನೋಡುವವರ ಕಣ್ಣು ನಂಬುವಷ್ಟು ಹತ್ತಿರ ಬಂದರೆ ಸಾಕಿತ್ತು. ಅಂದಿನ ಯಂತ್ರಗಳಿಗೆ ಅಷ್ಟೇ ದೊಡ್ಡ ಹೊರೆ.

ಅವರ ಕೈಯಲ್ಲಿದ್ದ ಸಮಯವೂ ಕಡಿಮೆ. ರಕ್ತದ ಕ್ಯಾನ್ಸರ್ ಇರುವುದು, ಅದು ಬಿಡುವುದಿಲ್ಲ ಎನ್ನುವುದು ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ತಿಳಿದಿತ್ತು. ಯೂಟಾಕ್ಕೆ ಬಂದ ಎರಡೇ ವರ್ಷದಲ್ಲಿ, 1973ರಲ್ಲಿ ಪಿಎಚ್.ಡಿ. ಮುಗಿಯಿತು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಬೋಧಕರಾದರು. ಮಹಾಪ್ರಬಂಧದ ಸಾರ 1975ರ ಜೂನ್‌ನಲ್ಲಿ ಏಳು ಪುಟದ ಲೇಖನವಾಗಿ ಅಚ್ಚಾಯಿತು. ಅದೇ ವರ್ಷ ಅವರು ಹೋದರು, ಹೆಂಡತಿ, ಪುಟ್ಟ ಮಗಳನ್ನು ಬಿಟ್ಟು.

1977ರಲ್ಲಿ ಯೂಟಾದ ಇನ್ನೊಬ್ಬ ವಿದ್ಯಾರ್ಥಿ ಜಿಮ್ ಬ್ಲಿನ್ ಆ ಸೂತ್ರವನ್ನು ತಿದ್ದಿ ಹಗುರ ಮಾಡಿದರು. ಆದರೂ ಪ್ರತಿ ಬಿಂದುವಿಗೂ ಲೆಕ್ಕ ಹಾಕುವಷ್ಟು ಕಸುವು ಮನೆಯ ಕಂಪ್ಯೂಟರುಗಳಿಗೆ ಬರಲು 2000ದ ಆಸುಪಾಸಿನವರೆಗೆ ಕಾಯಬೇಕಾಯಿತು. ಇವತ್ತು ಮಕ್ಕಳ ಮೊಬೈಲ್ ಗೇಮ್‌ನಲ್ಲಿ ಕಾರಿನ ಬಾನೆಟ್ ಮಿಂಚುವುದರ ಹಿಂದೆಯೂ ಅದೇ ಉಪಾಯದ ಬೇರು ಇದೆ.

ಇನ್ನೊಂದು ಸಂಗತಿ ಹೊರನಾಡಿನ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ವಿಯೆಟ್ನಾಂನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಕೊನೆಗೆ. ಅಂದರೆ ಬುಯ್ ಮನೆತನದ ಹೆಸರು. ಹಾಗಿದ್ದರೂ ಎಷ್ಟೋ ಪುಸ್ತಕಗಳು ಫಾಂಗ್ ಅನ್ನೇ ಮನೆತನವೆಂದು ಭಾವಿಸಿ, ಉಳಿದದ್ದನ್ನು ಇನಿಷಿಯಲ್ ಮಾಡಿಬಿಟ್ಟಿವೆ. ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ ಅವರ ವೆಂಕಟರಾಮನ್ ಎಂಬ ಒಂದೇ ಹೆಸರು ಒಡೆದು ಎರಡಾದದ್ದೂ, ಅದರ ಅರ್ಧ ಮಾತ್ರ ಲೋಕಪ್ರಸಿದ್ಧವಾದದ್ದೂ ಹೀಗೆಯೇ. ಮುಂಬೈ, ದೆಹಲಿಯ ಕಚೇರಿಗಳಲ್ಲಿ ಸರ್‌ನೇಮ್ ಕಾಲಂಗೆ ಅಪ್ಪನ ಹೆಸರೋ ಊರಿನ ಹೆಸರೋ ಎಂದು ತಡವರಿಸಿದವರು ನಮ್ಮಲ್ಲಿ ಕಡಿಮೆಯೇ?

ಹಾಗಾಗಿ ನಮ್ಮ ವಿಭಾಗಕ್ಕೆ ಹೊಸಬರು ಬಂದಾಗ ಆ ಪಟ್ಟಿಯನ್ನು ತೋರಿಸುವ ಮೊದಲು ಪೂರ್ಣ ಹೆಸರು ಹೇಳುತ್ತೇನೆ. ಹನೋಯ್, ಸೈಗಾನ್, ತುಲೂಸ್, ಯೂಟಾ ಎಂದು ಊರುಗಳನ್ನೂ ಹೇಳುತ್ತೇನೆ. ಮೂರು ಖಂಡ ದಾಟಿ ಓದಿದ ಒಬ್ಬ ಹುಡುಗ ಆ ಗುಂಡಿಯ ಹಿಂದೆ ಇದ್ದಾನೆಂದು ತಿಳಿದ ಮೇಲೆ ಕೆಲವರಾದರೂ ಆ ಏಳು ಪುಟಗಳನ್ನು ಹುಡುಕಿ ಓದುತ್ತಾರೆ.