ಪ್ರಶ್ನೆಗಳಿಂದಲೇ ಕಾನೂನು ಕಲಿತ, ಕಲಿಸಿದ ಇಮಾಮ್ ಅಬೂ ಹನೀಫಾ(ರ)



ನಿಮ್ಮಲ್ಲಿ ಕೆಲವರು ಪಿಯುಸಿ ಮುಗಿಸಿ ಕಾನೂನು ಪದವಿಗೆ ಸೇರುವ ಯೋಚನೆಯಲ್ಲಿರಬಹುದು. ಕೆಲವರು ಈಗಾಗಲೇ ಕಾನೂನು ಕಾಲೇಜಿನಲ್ಲಿ ಓದುತ್ತಿರಬಹುದು. ಪುಸ್ತಕವನ್ನು ಮೂರು ಸಲ ಓದಿ, ಮುಖ್ಯ ಸಾಲುಗಳಿಗೆ ಗೆರೆ ಎಳೆದು, ಎಲ್ಲವೂ ತಿಳಿಯಿತು ಎಂಬ ಧೈರ್ಯದಲ್ಲಿ ಪರೀಕ್ಷೆಗೆ ಹೋಗುತ್ತೀರಿ. ಅಲ್ಲಿ ಪುಸ್ತಕದಲ್ಲಿ ಎಲ್ಲಿಯೂ ಕಾಣದ ಒಂದು ಪ್ರಶ್ನೆ ಎದುರಾಗುತ್ತದೆ. ಓದಿದ್ದೆಲ್ಲ ನೆನಪಿದ್ದರೂ ಪೆನ್ನು ಮುಂದೆ ಹೋಗುವುದಿಲ್ಲ. ಸುಮಾರು 1300 ವರ್ಷಗಳ ಹಿಂದೆ ಇರಾಕಿನ ಕೂಫಾ ನಗರದ ಒಬ್ಬ ಪ್ರತಿಭಾವಂತ ಯುವಕನಿಗೂ ಇಂತಹದೇ ಅನುಭವವಾಗಿತ್ತು. ಮುಂದೆ ಆತನನ್ನು ಲೋಕ ಇಮಾಮೆ ಅಅಝಮ್ ಎಂದು ಕರೆಯಿತು. ಆ ಮಹಾನುಭಾವರ ಬದುಕಿನಲ್ಲಿ ಕಾನೂನು ಓದುವವರಿಗೆ ಬಹಳ ದೊಡ್ಡ ಪಾಠವಿದೆ.

ಅಂಗಡಿಯಿಂದ ವಿದ್ಯೆಯ ಕಡೆಗೆ

ಅವರ ಹೆಸರು ನುಅಮಾನ್ ಬಿನ್ ಸಾಬಿತ್. ಹಿಜರಿ 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ ಕೂಫಾದಲ್ಲಿ ಹುಟ್ಟಿದರು. ಮನೆತನದ ಮೂಲ ಪರ್ಶಿಯಾ ಕಡೆಯದು. ರೇಷ್ಮೆ ಬಟ್ಟೆಯ ವ್ಯಾಪಾರ ಅವರ ಕಸುಬಾಗಿತ್ತು. ಕೊನೆಯ ತನಕವೂ ಅವರು ವ್ಯಾಪಾರವನ್ನು ಬಿಡಲಿಲ್ಲ. ಒಮ್ಮೆ ಅವರ ಪಾಲುದಾರರು ದೋಷವಿದ್ದ ಬಟ್ಟೆಯೊಂದನ್ನು, ದೋಷವನ್ನು ಗಿರಾಕಿಗೆ ತಿಳಿಸಲು ಮರೆತು ಮಾರಿಬಿಟ್ಟರು. ಗಿರಾಕಿ ಯಾರೆಂದೂ ಗೊತ್ತಿರಲಿಲ್ಲ. ಇಮಾಮರು ಆ ಮಾರಾಟದಿಂದ ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರು.

ಯುವಕ ನುಅಮಾನ್ ಪೇಟೆಗೆ ಹೋಗಿ ಬರುತ್ತಿದ್ದುದನ್ನು ಕಂಡ ಹಿರಿಯ ವಿದ್ವಾಂಸ ಶಅಬೀ ಅವರು ವಿದ್ವಾಂಸರ ಸಹವಾಸ ಮಾಡುವಂತೆ ಹುರಿದುಂಬಿಸಿದರು. ಮೊದಲು ಅವರು ವಿಶ್ವಾಸ ಸಂಬಂಧವಾದ ತರ್ಕ, ವಾದಗಳಲ್ಲಿ ಆಸಕ್ತಿ ತಳೆದರು. ಒಂದು ದಿನ ಮಹಿಳೆಯೊಬ್ಬರು ತಲಾಕಿನ ಸರಿಯಾದ ಕ್ರಮದ ಬಗ್ಗೆ ಅವರಲ್ಲಿ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿರಲಿಲ್ಲ. ಸಮೀಪದಲ್ಲೇ ಪಾಠ ಮಾಡುತ್ತಿದ್ದ ಹಮ್ಮಾದ್ ಬಿನ್ ಅಬೀ ಸುಲೈಮಾನ್ ಅವರ ಬಳಿಗೆ ಆಕೆಯನ್ನು ಕಳುಹಿಸಿ, ಅವರು ಏನು ಹೇಳಿದರೆಂದು ಬಂದು ತಿಳಿಸುವಂತೆ ವಿನಂತಿಸಿದರು. ಒಬ್ಬ ಸಾಮಾನ್ಯ ಮಹಿಳೆಯ ಬದುಕಿನ ಪ್ರಶ್ನೆಗೆ ಉತ್ತರ ಕೊಡಲಾಗದ ವಿದ್ಯೆ ತನಗೆ ಸಾಲದು ಎಂದು ಅವರಿಗೆ ಅನಿಸಿತು. ಅಂದಿನಿಂದ ಹಮ್ಮಾದರ ತರಗತಿಗೆ ಸೇರಿದರು.

60 ಪ್ರಶ್ನೆಗಳ ಪರೀಕ್ಷೆ

ಹಮ್ಮಾದರು ಹೇಳಿದ ಸಮಸ್ಯೆಗಳನ್ನು ನುಅಮಾನ್ ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದರು. ಮರುದಿನ ಗುರುಗಳು ಮತ್ತೆ ಕೇಳಿದಾಗ ಇತರರು ತಪ್ಪುತ್ತಿದ್ದರು, ಅವರು ತಪ್ಪುತ್ತಿರಲಿಲ್ಲ. ಹೀಗಾಗಿ ಗುರುಗಳು ಅವರನ್ನು ತಮ್ಮ ಎದುರಿನಲ್ಲೇ ಕೂರಿಸಿಕೊಂಡರು. ಹತ್ತು ವರ್ಷ ಹೀಗೆ ಕಲಿತ ಬಳಿಕ, ಇನ್ನು ತಾನೇ ಬೇರೆ ತರಗತಿ ನಡೆಸಬಹುದು ಎಂಬ ಆಸೆ ಅವರಲ್ಲಿ ಮೂಡಿತು. ಆದರೆ ಮಸೀದಿಗೆ ಬಂದು ಗುರುಗಳ ಮುಖ ನೋಡಿದಾಗ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಅಷ್ಟರಲ್ಲೇ ಬಸ್ರಾದಲ್ಲಿ ಹಮ್ಮಾದರ ಸಂಬಂಧಿಯೊಬ್ಬರು ತೀರಿಕೊಂಡ ಸುದ್ದಿ ಬಂತು. ಗುರುಗಳು ತಮ್ಮ ಸ್ಥಾನದಲ್ಲಿ ಶಿಷ್ಯನನ್ನು ಕೂರಿಸಿ ಪ್ರಯಾಣ ಹೊರಟರು. ಜನರು ಬಂದು ಪ್ರಶ್ನೆ ಕೇಳತೊಡಗಿದರು. ಗುರುಗಳ ಬಾಯಿಂದ ಎಂದೂ ಕೇಳಿರದ ಪ್ರಶ್ನೆಗಳು ಅವು. ನುಅಮಾನ್ ತಮಗೆ ಸರಿ ಕಂಡಂತೆ ಉತ್ತರ ಕೊಟ್ಟರು ಮತ್ತು ಪ್ರತಿಯೊಂದು ಉತ್ತರವನ್ನೂ ಬರೆದಿಟ್ಟುಕೊಂಡರು. ಎರಡು ತಿಂಗಳ ಬಳಿಕ ಹಮ್ಮಾದರು ಹಿಂದಿರುಗಿದಾಗ ಆ ಬರಹವನ್ನು ಅವರ ಮುಂದಿಟ್ಟರು. ಒಟ್ಟು 60 ಪ್ರಶ್ನೆಗಳಿದ್ದವು. 40 ಉತ್ತರಗಳನ್ನು ಗುರುಗಳು ಒಪ್ಪಿದರು. 20ನ್ನು ಒಪ್ಪಲಿಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. 60ರಲ್ಲಿ 40 ಅಂಕ ಬಂದಿದ್ದರೆ ನಾವಾದರೆ ಮನೆಯಲ್ಲಿ ಸಿಹಿ ಹಂಚುತ್ತಿದ್ದೆವು. ಆ ಯುವಕನ ಗಮನ ಹೋದದ್ದು ತಪ್ಪಿದ 20ರ ಕಡೆಗೆ. ಆ 20 ಪ್ರಶ್ನೆಗಳ ಹಿಂದೆ 20 ಮಂದಿ ಇದ್ದರು. ಅವರ ಮದುವೆ, ಆಸ್ತಿ, ವ್ಯಾಪಾರ, ಆರಾಧನೆಗಳು ಆ ಉತ್ತರವನ್ನು ನಂಬಿಕೊಂಡಿದ್ದವು. ಗುರುಗಳು ಬದುಕಿರುವ ತನಕ ಅವರನ್ನು ಬಿಟ್ಟು ಹೋಗುವುದಿಲ್ಲ ಎಂದು ಅವರು ಅಂದೇ ನಿರ್ಧರಿಸಿದರು. ಹಿಜರಿ 120ರಲ್ಲಿ ಹಮ್ಮಾದರು ನಿಧನರಾಗುವವರೆಗೆ, ಒಟ್ಟು 18 ವರ್ಷ ಅವರಲ್ಲಿ ಕಲಿತರು. ಅನಂತರವೇ ಗುರುಗಳ ಸ್ಥಾನದಲ್ಲಿ ಕುಳಿತರು.

ನಡೆಯದ ಘಟನೆಗೂ ಉತ್ತರ

ಕೂಫಾ ಆಗ ಅರಬರು, ಪರ್ಶಿಯನ್ನರು ಹಾಗೂ ಇತರ ಅನೇಕ ಜನಾಂಗದವರು ಕೂಡಿ ಬಾಳುತ್ತಿದ್ದ ದೊಡ್ಡ ನಗರ. ದಿನವೂ ಹೊಸ ವ್ಯವಹಾರ, ಹೊಸ ತಕರಾರು. ಹಳೆಯ ಉತ್ತರಗಳನ್ನು ನೆನಪಿಟ್ಟುಕೊಂಡರೆ ಮಾತ್ರ ಸಾಲದಾಗಿತ್ತು. ಆದ್ದರಿಂದ ಅಬೂ ಹನೀಫಾ(ರ) ಇನ್ನೂ ನಡೆಯದ ಘಟನೆಗಳನ್ನು ಊಹಿಸಿ, ಹೀಗಾದರೆ ಏನು ತೀರ್ಪು, ಹಾಗಾದರೆ ಏನು ತೀರ್ಪು ಎಂದು ವಿಚಾರ ಮಾಡುವ ಪದ್ಧತಿಯನ್ನು ಬೆಳೆಸಿದರು. ಈ ಪದ್ಧತಿಯನ್ನು ಮೆಚ್ಚದವರೂ ಅನೇಕರಿದ್ದರು.

ಬಸ್ರಾದ ಪ್ರಸಿದ್ಧ ವಿದ್ವಾಂಸ ಕತಾದಾ(ರ) ಕೂಫಾಕ್ಕೆ ಬಂದಾಗ ಅಬೂ ಹನೀಫಾ(ರ) ಒಂದು ಪ್ರಶ್ನೆ ಕೇಳಿದರು. ಒಬ್ಬ ವ್ಯಕ್ತಿ ವರ್ಷಗಟ್ಟಲೆ ಕಾಣೆಯಾಗುತ್ತಾನೆ. ಸತ್ತನೆಂದು ತಿಳಿದು ಹೆಂಡತಿ ಮರುಮದುವೆಯಾಗುತ್ತಾಳೆ. ಆಮೇಲೆ ಮೊದಲನೆಯವನು ಹಿಂದಿರುಗಿ ಬಂದರೆ ಏನು ಮಾಡಬೇಕು? ಇಂತಹ ಘಟನೆ ನಡೆದಿದೆಯೇ ಎಂದು ಕತಾದಾ ವಿಚಾರಿಸಿದರು. ನಡೆದಿಲ್ಲ ಎಂದು ತಿಳಿದಾಗ, ನಡೆಯದ್ದನ್ನು ಕೇಳುವುದೇಕೆಂದು ಅಸಮಾಧಾನಗೊಂಡರು. ಕಷ್ಟ ಬಂದ ಮೇಲೆ ದಾರಿ ಹುಡುಕುವ ಬದಲು, ಬರುವ ಮೊದಲೇ ಅದಕ್ಕೆ ಸಿದ್ಧರಾಗಿರಬೇಕು ಎಂಬುದು ಇಮಾಮರ ನಿಲುವಾಗಿತ್ತು.

ಈ ಪ್ರಶ್ನೆ ಬರೀ ಊಹೆಯಾಗಿ ಉಳಿಯಲಿಲ್ಲ. ನಮ್ಮ ದೇಶದಲ್ಲೇ ಗಂಡಂದಿರು ಕಾಣೆಯಾಗಿ ಅತ್ತ ಮದುವೆಯೂ ಇಲ್ಲದೆ ಇತ್ತ ಬಿಡುಗಡೆಯೂ ಇಲ್ಲದೆ ಸಂಕಟಪಡುತ್ತಿದ್ದ ಮಹಿಳೆಯರು ಅನೇಕರಿದ್ದರು. ಹನಫೀ ಪಂಥದ ಹಳೆಯ ನಿಯಮದಂತೆ, ಕಾಣೆಯಾದವನ ಓರಗೆಯವರೆಲ್ಲ ತೀರಿಕೊಳ್ಳುವಷ್ಟು ಕಾಲ ಕಾಯಬೇಕಾಗಿತ್ತು. 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆ ಮಾಲಿಕೀ ಪಂಥದ ಅಭಿಪ್ರಾಯದ ನೆರವು ಪಡೆದು, ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ ಹೆಂಡತಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದು ಎಂದಿತು. ಡಿಕ್ರಿ ಜಾರಿಗೆ ಬರುವುದು ಆರು ತಿಂಗಳ ನಂತರ. ಅಷ್ಟರೊಳಗೆ ಗಂಡ ಬಂದು ದಾಂಪತ್ಯದ ಕರ್ತವ್ಯ ನಿರ್ವಹಿಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿದರೆ ಡಿಕ್ರಿ ರದ್ದಾಗುತ್ತದೆ. ಗಂಡ ಹಿಂದಿರುಗಿ ಬಂದರೆ ಏನು ಮಾಡಬೇಕೆಂಬ ಆ ಹಳೆಯ ಪ್ರಶ್ನೆ ಇಲ್ಲಿ ಕಾಣುತ್ತದಲ್ಲವೇ?

ತರಗತಿ ನಡೆಯುತ್ತಿದ್ದ ಬಗೆ

ಇಮಾಮರ ತರಗತಿಯಲ್ಲಿ ಗುರು ಹೇಳುವುದು, ಶಿಷ್ಯರು ಬರೆದುಕೊಳ್ಳುವುದು ಎಂಬ ಕ್ರಮವಿರಲಿಲ್ಲ. ಮೊದಲು ಒಂದು ಸಮಸ್ಯೆಯನ್ನು ಮುಂದಿಡುತ್ತಿದ್ದರು. ಪ್ರತಿಯೊಬ್ಬ ಶಿಷ್ಯನೂ ತನ್ನ ಉತ್ತರ ಮತ್ತು ಅದರ ಆಧಾರ ಹೇಳಬೇಕಾಗಿತ್ತು. ಗುರುಗಳ ಅಭಿಪ್ರಾಯವನ್ನೂ ವಿರೋಧಿಸಬಹುದಾಗಿತ್ತು. ಕೆಲವು ಸಮಸ್ಯೆಗಳ ಚರ್ಚೆ ದಿನಗಟ್ಟಲೆ, ಕೆಲವೊಮ್ಮೆ ಒಂದು ತಿಂಗಳಿಗೂ ಮೀರಿ ಸಾಗುತ್ತಿತ್ತು. ಚರ್ಚೆ ಮುಗಿದ ಮೇಲಷ್ಟೇ ತೀರ್ಮಾನ ದಾಖಲಾಗುತ್ತಿತ್ತು. ಕೇಳಿದ್ದನ್ನೆಲ್ಲ ಆತುರದಿಂದ ಬರೆದುಕೊಳ್ಳುವುದನ್ನು ಅವರು ತಡೆಯುತ್ತಿದ್ದರು. ಇಂದಿನ ತಮ್ಮ ಅಭಿಪ್ರಾಯ ನಾಳೆ ಬದಲಾಗಬಹುದೆಂಬ ಎಚ್ಚರ ಅವರಿಗಿತ್ತು.

ಬಟ್ಟೆ ಒಗೆಯುವವನ ಕೂಲಿ

ಅವರ ಶಿಷ್ಯರಲ್ಲಿ ಅಬೂ ಯೂಸುಫ್(ರ) ಬಡ ಕುಟುಂಬದವರು. ಓದು ನಿಲ್ಲಬಾರದೆಂದು ಇಮಾಮರೇ ಅವರಿಗೆ ಹಣ ಕೊಡುತ್ತಿದ್ದರು. ಬಹಳ ಬುದ್ಧಿವಂತರಾದ ಅವರು ಒಮ್ಮೆ ಗುರುಗಳನ್ನು ಬಿಟ್ಟು ಸ್ವಂತ ತರಗತಿ ಆರಂಭಿಸಿದರು. ಇಮಾಮರು ಸಿಟ್ಟಾಗಲಿಲ್ಲ. ಒಬ್ಬನ ಕೈಯಲ್ಲಿ ಒಂದು ಪ್ರಶ್ನೆ ಕಳುಹಿಸಿದರು.

ಪ್ರಶ್ನೆ ಹೀಗಿತ್ತು. ಒಬ್ಬನು ಬಟ್ಟೆ ಒಗೆಯುವವನಿಗೆ ಬಟ್ಟೆ ಕೊಟ್ಟ. ಕೇಳಲು ಹೋದಾಗ ಆತ, ನೀನು ಬಟ್ಟೆ ಕೊಟ್ಟೇ ಇಲ್ಲ ಎಂದು ನಿರಾಕರಿಸಿದ. ಇನ್ನೊಮ್ಮೆ ಹೋದಾಗ ಒಗೆದ ಬಟ್ಟೆಯನ್ನು ಹಿಂದಿರುಗಿಸಿದ. ಅವನಿಗೆ ಕೂಲಿ ಸಿಗಬೇಕೇ, ಬೇಡವೇ? ಅಬೂ ಯೂಸುಫ್ ಸಿಗಬೇಕು ಎಂದರು. ಬಂದವನು ತಪ್ಪು ಎಂದ. ಯೋಚಿಸಿ, ಸಿಗಬಾರದು ಎಂದರು. ಅದೂ ತಪ್ಪು ಎಂದ. ಅಬೂ ಯೂಸುಫ್ ನೇರವಾಗಿ ಗುರುಗಳ ಬಳಿಗೆ ನಡೆದರು.

ಮುಂದೆ ಓದುವ ಮೊದಲು ನೀವೂ ಒಂದು ನಿಮಿಷ ಯೋಚಿಸಿ ನೋಡಿ.

ಇಮಾಮರ ವಿವರಣೆ ಇದು: ಬಟ್ಟೆಯನ್ನು ಯಾವಾಗ ಒಗೆದ ಎಂಬುದನ್ನು ಮೊದಲು ಕೇಳಬೇಕು. ನಿರಾಕರಿಸುವ ಮೊದಲೇ ಒಗೆದಿದ್ದರೆ ಆತ ಮಾಲಿಕನಿಗಾಗಿ ಕೆಲಸ ಮಾಡಿದ್ದಾನೆ, ಕೂಲಿ ಸಲ್ಲಬೇಕು. ನಿರಾಕರಿಸಿದ ಮೇಲೆ ಒಗೆದಿದ್ದರೆ, ಬಟ್ಟೆಯನ್ನು ತನ್ನದೆಂದು ಕಬಳಿಸಿ ತನಗಾಗಿ ಒಗೆದುಕೊಂಡಿದ್ದಾನೆ, ಕೂಲಿ ಇಲ್ಲ. ಅಬೂ ಯೂಸುಫ್ ಅವರಿಗೆ ನಿಯಮ ಗೊತ್ತಿತ್ತು. ಪ್ರಶ್ನೆಯಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯನ್ನು ಅವರು ಕೇಳಲಿಲ್ಲ, ಅಷ್ಟೇ. ಅವರು ಮತ್ತೆ ಗುರುಗಳ ತರಗತಿಯಲ್ಲಿ ಬಂದು ಕುಳಿತರು. ಇದೇ ಅಬೂ ಯೂಸುಫ್ ಮುಂದೆ ಖಲೀಫಾ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು. ಇನ್ನೊಬ್ಬ ಶಿಷ್ಯ ಇಮಾಮ್ ಮುಹಮ್ಮದ್ ಶೈಬಾನಿ(ರ) ಈ ತರಗತಿಯ ಜ್ಞಾನವನ್ನು ಗ್ರಂಥಗಳಲ್ಲಿ ದಾಖಲಿಸಿದರು. ಅವರ ಅಲ್ ಅಸ್ಲ್ ಎಂಬ ದೊಡ್ಡ ಗ್ರಂಥದ ಬಹುಭಾಗ ಪ್ರಶ್ನೋತ್ತರ ರೂಪದಲ್ಲೇ ಇದೆ.

ಪದವಿಯ ನಿರಾಕರಣೆ

ಇಷ್ಟೆಲ್ಲ ಪಾಂಡಿತ್ಯವಿದ್ದರೂ ಇಮಾಮರು ನ್ಯಾಯಾಧೀಶ ಪದವಿಗೆ ಆಸೆಪಡಲಿಲ್ಲ. ಉಮವೀ ಆಡಳಿತದ ಕೊನೆಗಾಲದಲ್ಲಿ ಇರಾಕಿನ ಗವರ್ನರ್ ಇಬ್ನ್ ಹುಬೈರಾ ಸರಕಾರಿ ಪದವಿ ಕೊಡಲು ಬಂದಾಗ ಒಪ್ಪಲಿಲ್ಲ. ಅದಕ್ಕಾಗಿ ಚಾಟಿಯೇಟು ತಿಂದರು. ಆಮೇಲೆ ಅಬ್ಬಾಸೀ ಖಲೀಫಾ ಮನ್ಸೂರ್ ಅವರನ್ನು ಬಗ್ದಾದಿಗೆ ಕರೆಸಿ ಅದೇ ಒತ್ತಾಯ ಮಾಡಿದ. ತಾನು ಅರ್ಹನಲ್ಲ ಎಂದರು ಇಮಾಮರು. ಸುಳ್ಳು ಹೇಳುತ್ತಿದ್ದೀರಿ ಎಂದು ಖಲೀಫಾ ಸಿಟ್ಟಾದ. ಹಾಗಾದರೆ ಸುಳ್ಳುಗಾರನನ್ನು ನ್ಯಾಯಾಧೀಶನನ್ನಾಗಿ ನೇಮಿಸುವುದು ಸರಿಯಲ್ಲವೆಂದು ಅವರು ಉತ್ತರಿಸಿದರಂತೆ. ಖಲೀಫಾ ಅವರನ್ನು ಸೆರೆಮನೆಗೆ ಹಾಕಿಸಿದ. ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ ಅವರು ಬಗ್ದಾದಿನಲ್ಲೇ ಕೊನೆಯುಸಿರೆಳೆದರು. ಅಧಿಕಾರದಲ್ಲಿರುವವರ ಇಷ್ಟಕ್ಕೆ ತಕ್ಕಂತೆ ಉತ್ತರ ಬದಲಾಯಿಸಲು ಅವರು ಸಿದ್ಧರಿರಲಿಲ್ಲ.

ನೀವೇನು ಮಾಡಬಹುದು?

ಕರ್ನಾಟಕದ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು. ಒಳನಾಡಿನ ಮುಸ್ಲಿಮರು ಹೆಚ್ಚಾಗಿ ಹನಫೀಗಳು. ಆದರೆ ಕಲಿಯುವ ಈ ಕ್ರಮ ಯಾವ ಪಂಥದ, ಯಾವ ಧರ್ಮದ ವಿದ್ಯಾರ್ಥಿಗೂ ಆಗುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಮೊದಲಾದವುಗಳಿಗೆ ಸೇರಲು ಬರೆಯುವ ಕ್ಲಾಟ್ ಪರೀಕ್ಷೆಯಲ್ಲಿ 2020ರಿಂದ ಒಂದು ಬರಹವನ್ನು ಕೊಟ್ಟು, ಅದರಲ್ಲಿರುವ ನಿಯಮವನ್ನು ಹೊಸ ಸಂದರ್ಭಕ್ಕೆ ಅನ್ವಯಿಸಲು ಹೇಳುತ್ತಾರೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ವಕೀಲರಾಗಲು ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಗೆ ಟಿಪ್ಪಣಿಗಳಿಲ್ಲದ ಕಾಯ್ದೆ ಪುಸ್ತಕ ಒಯ್ಯಲು ಅವಕಾಶವಿದೆ. ಪುಸ್ತಕ ಕೈಯಲ್ಲಿದ್ದರೂ ಅನ್ವಯಿಸಲು ಬಾರದಿದ್ದರೆ ಪ್ರಯೋಜನವಿಲ್ಲ.

ಆದ್ದರಿಂದ ಒಂದು ಅಧ್ಯಾಯ ಓದಿದ ಕೂಡಲೇ ಪುಸ್ತಕ ಮುಚ್ಚಿ. ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ಸಮಸ್ಯೆ ತೆಗೆದು ಉತ್ತರ ಬರೆಯಿರಿ. ಉತ್ತರ ಪುಟವನ್ನು ಮೊದಲೇ ನೋಡಬೇಡಿ. ಬರೆದದ್ದನ್ನು ಅಧ್ಯಾಪಕರಿಗೋ ತಿಳಿದ ಹಿರಿಯರಿಗೋ ತೋರಿಸಿ. ತಪ್ಪಿದವುಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದು, ನಿಯಮ ಗೊತ್ತಿರಲಿಲ್ಲವೇ ಅಥವಾ ಸಂಗತಿಯೊಂದನ್ನು ಗಮನಿಸಲಿಲ್ಲವೇ ಎಂದು ಗುರುತಿಸಿ. ಆ ಬಳಿಕ ಅದೇ ಸಮಸ್ಯೆಯ ಒಂದು ಸಂಗತಿಯನ್ನು ಬದಲಾಯಿಸಿ, ಉತ್ತರ ಬದಲಾಗುತ್ತದೆಯೇ ನೋಡಿ. ನಾಲ್ಕೈದು ಮಂದಿ ಸೇರಿ ವಾರಕ್ಕೊಮ್ಮೆ ಚರ್ಚಿಸಿದರೆ ಇನ್ನೂ ಒಳ್ಳೆಯದು.

ನಾಳೆ ನೀವು ವಕೀಲರೋ ನ್ಯಾಯಾಧೀಶರೋ ಆದಾಗ ನಿಮ್ಮ ಮುಂದೆ ನಿಲ್ಲುವವರು ಬಡವರು, ವಿಧವೆಯರು, ಅನಾಥರು ಆಗಿರಬಹುದು. ಅವರ ಪ್ರಶ್ನೆ ಯಾವ ಗೈಡಿನಲ್ಲೂ ಇರಲಾರದು. ಇಂದು ನೋಟ್‌ಬುಕ್ಕಿನಲ್ಲಿ ತಪ್ಪಿ ತಿದ್ದಿಕೊಂಡ ಉತ್ತರಗಳು ಅಂದು ಅವರ ನೆರವಿಗೆ ಬರಲಿ.